ಜವರಾಯನ ಮೇಲೆ ಎಫ್‌ಐಆರ್

"ಸರ್, ಹೆದ್ದಾರಿಯಲ್ಲಿ ಲಾರಿ ಬೈಕಿಗೆ ಗುದ್ದಿದೆ. ರಸ್ತೆಯಲ್ಲಿ ಗುಂಡಿ ಇತ್ತಂತೆ."

"ಗುಂಡಿ ಯಾರಿಗೆ ಬೇಕಯ್ಯಾ? 'ಜವರಾಯನ ಅಟ್ಟಹಾಸ' ಅಂತ ಹಾಕು."

ಹಾಕಿದೊಡನೆ ಗುತ್ತಿಗೆದಾರ, ಎಂಜಿನಿಯರು ಇಬ್ಬರೂ ಪಾರು. ಯಮನಿಗೆ ನೋಟಿಸು ಕೊಡುವ ಠಾಣೆ ಎಲ್ಲಿದೆ? ಪದದಲ್ಲೇನಿದೆ, ಓದುಗರೇನು ದಡ್ಡರೇ ಎನ್ನಬಹುದು. ದಡ್ಡರಲ್ಲ, ನಿಜ. ಆದರೆ 1974ರಲ್ಲಿ ಪ್ರಕಟವಾದ ಲಾಫ್ಟಸ್ ಮತ್ತು ಪಾಮರ್ ಅವರ ಮನೋವಿಜ್ಞಾನ ಪ್ರಯೋಗ ನೋಡಿ: ಅಪಘಾತದ ಒಂದೇ ಚಲನಚಿತ್ರ ತೋರಿಸಿ, ಕಾರುಗಳು 'ಗುದ್ದಿದಾಗ' ವೇಗವೆಷ್ಟು ಎಂದು 50 ಮಂದಿಗೆ, 'ಅಪ್ಪಳಿಸಿದಾಗ' ಎಷ್ಟು ಎಂದು ಬೇರೆ 50 ಮಂದಿಗೆ ಕೇಳಿದರು. ವಾರದ ಬಳಿಕ ಒಡೆದ ಗಾಜು ಕಂಡೆವೆಂದವರು ಮೊದಲ ಗುಂಪಿನಲ್ಲಿ 7, ಎರಡನೆಯದರಲ್ಲಿ 16. ಚಿತ್ರದಲ್ಲಿ ಒಡೆದ ಗಾಜೇ ಇರಲಿಲ್ಲ! ಕಣ್ಣಾರೆ ಕಂಡವರದೇ ಈ ಪಾಡು. ಬರೀ ತಲೆಬರಹ ಓದಿದವರದು?

"ಸರ್, ಆ ಗುಂಡಿ?"

"ಒಳಪುಟದಲ್ಲಿ ಜಾಗವಿದ್ದರೆ ನೋಡೋಣ."

ಜಾಗವಿರಲಿಲ್ಲ.