ನಿವ್ವಳ ತೂಕ

ಡಾಕ್ಟರು ಹೇಳಿದರೆಂದು ಮೀನೆಣ್ಣೆಯ ಡಬ್ಬ ಕೊಂಡು, ಎಂಟು ದಿನ ನುಂಗಿ, ಮೀನಿನ ತೇಗು ಬಂತೆಂದು ಅದನ್ನು ಫ್ರಿಜ್ಜಿನ ಮೇಲಿಟ್ಟು ಮರೆಯುವ ಸಜ್ಜನರು ನೀವಾಗಿದ್ದರೆ, ದಯವಿಟ್ಟು ನಮ್ಮ ಭಾವನ ಕಣ್ಣಿಗೆ ಬೀಳಬೇಡಿ.

ಭಾವ ಅಂದರೆ ಅಕ್ಕನ ಗಂಡ. ಊರು ಮಲ್ಪೆಯ ಹತ್ತಿರ. ವಾಸ ಬೆಂಗಳೂರಿನಲ್ಲಿ, ನನ್ನ ಮನೆಯಿಂದ ಎರಡು ರಸ್ತೆ ಆಚೆ. ಸಾಲದು ಈ ದೂರ. ಮೂವತ್ತಾರು ವರ್ಷ ಬ್ಯಾಂಕಿನಲ್ಲಿದ್ದು ಮ್ಯಾನೇಜರಾಗಿ ನಿವೃತ್ತರಾದವರು. ಅದರಲ್ಲಿ ಬಹುಪಾಲು ಚಿನ್ನದ ಸಾಲದ ಮೇಜಿನಲ್ಲಿ ಕಳೆದದ್ದರಿಂದ, ಯಾರು ಏನು ತಂದಿಟ್ಟರೂ ಒಳಗೆ ಅರಗು ಎಷ್ಟು ತುಂಬಿದ್ದಾರೆ ಎಂದು ಮೊದಲು ನೋಡುವ ಕಣ್ಣು ಅವರದು. ಇಂಥವರು ನಿಮ್ಮ ಕುಟುಂಬದಲ್ಲೂ ಒಬ್ಬರು ಇದ್ದೇ ಇರುತ್ತಾರೆ: ಆರಿಸುವವರು. ಮಾವಿನಹಣ್ಣಿನ ತೊಟ್ಟು ಮೂಸಿ ಮೂಸಿ ಕೊನೆಗೆ ಬಾಳೆಹಣ್ಣು ತರುವವರು. ಖಾಲಿ ಬಸ್ಸಿನಲ್ಲಿ ಬಿಸಿಲು ಯಾವ ಕಡೆ ಬೀಳುತ್ತದೆಂದು ಲೆಕ್ಕ ಹಾಕುತ್ತ ನಿಂತು, ಬಸ್ಸು ತುಂಬಿದ ಮೇಲೆ ನಿಂತೇ ಪ್ರಯಾಣ ಮಾಡುವವರು.

ಎರಡು ವರ್ಷದ ಹಿಂದೆ ಭಾವನ ರಕ್ತದಲ್ಲಿ ಟ್ರೈಗ್ಲಿಸರೈಡ್ 212 ಎಂದು ಬಂತು. ನಡೆಯಿರಿ, ಅನ್ನ ಕಡಿಮೆ ಮಾಡಿ, ಸಿಹಿ ಬಿಡಿ, ವಾರಕ್ಕೆ ಎರಡು ಸಲ ಮೀನು ತಿನ್ನಿ ಎಂದ ಡಾಕ್ಟರು, ಬಾಗಿಲವರೆಗೆ ಬಂದವರಿಗೆ ಹಿಂದಿನಿಂದ, "ಬೇಕಿದ್ದರೆ ಮೀನೆಣ್ಣೆ ತಗೊಳ್ಳಬಹುದು" ಎಂದೂ ಸೇರಿಸಿದರು. ಮೊದಲಿನ ನಾಲ್ಕು ಮಾತು ಆಸ್ಪತ್ರೆಯ ಲಿಫ್ಟಿನಲ್ಲೇ ಇಳಿದುಹೋದವು. ಐದನೆಯದು ಭಾವನ ಜೊತೆ ಮನೆಗೆ ಬಂತು.

ಮೆಡಿಕಲ್ ಶಾಪಿಗೆ ಅವರ ಜೊತೆ ಒಮ್ಮೆ ಹೋದ ತಪ್ಪು ನನ್ನದು. ಹುಡುಗನಿಂದ ಏಳು ಡಬ್ಬ ಇಳಿಸಿದರು. ಜೇಬಿನಿಂದ ಭೂತಗನ್ನಡಿ ತೆಗೆದರು.

"ಸಾವಿರ ಮಿಲಿಗ್ರಾಂ ಅಂತ ಎದುರಿಗೆ ದಪ್ಪಕ್ಕೆ ಬರ್ದದ್ದುಂಟಲ್ಲ, ಅದು ಒಟ್ಟು ತೂಕ ಮಾರಾಯ. ಹಿಂದೆ ನೋಡು. ನಮಗೆ ಬೇಕಾದ ಒಮೆಗಾ ಅಂದ್ರೆ ಇಪಿಎ 180, ಡಿಎಚ್‌ಎ 120. ನಿವ್ವಳ ಮುನ್ನೂರು. ಬಾಕಿ ಏಳ್ನೂರು ಎಂತ? ಅರಗು!"

ಇನ್ನೊಂದು ಡಬ್ಬದಲ್ಲಿ 600 ಎಂದಿತ್ತು. ನಾನು ಗೆದ್ದೆನೆಂದು ಎತ್ತಿ ತೋರಿಸಿದೆ. ಭೂತಗನ್ನಡಿ ಇನ್ನೂ ಕೆಳಗಿಳಿಯಿತು. ಆ ಲೆಕ್ಕ ಎರಡು ಮಾತ್ರೆಗೆ. ಮೂರನೆಯದು ಕಾಡ್ ಮೀನಿನ ಪಿತ್ತಜನಕಾಂಗದ ಎಣ್ಣೆ. ಅದರಲ್ಲಿ ಎ ಮತ್ತು ಡಿ ವಿಟಮಿನ್ ಇರುತ್ತದೆ, ಬಸುರಿಯರಿಗೆ ಎ ಹೆಚ್ಚಾದರೆ ಒಳ್ಳೆಯದಲ್ಲ ಎಂದು, ನಮ್ಮ ಹಿಂದೆ ಸರತಿಯಲ್ಲಿದ್ದ ಬಸುರಿ ಹೆಂಗಸಿಗೆ ಅವರಾಗಿಯೇ ತಿಳಿಸಿದರು. ಆಕೆ ಕೊಳ್ಳಲು ಬಂದದ್ದು ಬ್ಯಾಂಡೇಜು. ನಾನು ಕ್ಯಾಲೆಂಡರ್ ನೋಡುತ್ತ ನಿಂತೆ.

ನಲವತ್ತು ನಿಮಿಷದ ನಂತರ ಭಾವ ಒಂದು ಡಬ್ಬಕ್ಕೆ "ಪರವಾಗಿಲ್ಲ" ಎಂದರು. ಸರತಿಯ ನಾಚಿಕೆಗೆ ಅದನ್ನು ನಾನೇ ಕೊಂಡೆ. 120 ಮಾತ್ರೆಯ ಡಬ್ಬ. ಭಾವ ಏನೂ ಕೊಳ್ಳಲಿಲ್ಲ.

ಈಗ ಹೇಳಲೇಬೇಕಾದ ಕಥೆ. ಮಾತ್ರೆಯ ಎಣ್ಣೆ ಎರಡು ರೂಪದಲ್ಲಿರುತ್ತದಂತೆ. ಮೀನಿನಲ್ಲಿರುವಂತೆಯೇ ಟ್ರೈಗ್ಲಿಸರೈಡ್ ಆಗಿರುವುದು ಒಂದು; ಸಾರ ಹೆಚ್ಚಿಸಲು ಸಂಸ್ಕರಿಸುವಾಗ ಇಥೈಲ್ ಎಸ್ಟರ್ ಆಗುವುದು ಇನ್ನೊಂದು. ಮೊದಲಿನದು ಮೈಗೆ ಚೆನ್ನಾಗಿ ಹಿಡಿಯುತ್ತದೆ, ಎರಡನೆಯದಕ್ಕೆ ಜಿಡ್ಡಿನ ಊಟ ಜೊತೆಗಿರಬೇಕು. ಇದನ್ನು ಕೇಳಿ ಅಕ್ಕ ಅಡುಗೆಮನೆಯಿಂದಲೇ, "ಅಲ್ಲ ಮಾರಾಯ್ರೆ, ಟ್ರೈಗ್ಲಿಸರೈಡ್ ಮೈಯಲ್ಲಿದ್ರೆ ಬೇಡ, ಡಬ್ಬದಲ್ಲಿದ್ರೆ ಬೇಕಾ?" ಎಂದು ಕೇಳಿದಳು. ಭಾವ ಅವಳಿಗೆ ವಿವರಿಸಲು ಹೋಗಿ ಅರ್ಧದಲ್ಲಿ ಬಿಟ್ಟರು.

ಆದರೆ ಒರೆಗಲ್ಲು ಒಂದು ಸಿಕ್ಕಿತ್ತು. ಇಥೈಲ್ ಎಸ್ಟರ್ ಥರ್ಮಾಕೋಲನ್ನು ಬೇಗ ಕರಗಿಸುತ್ತದೆ, ಟ್ರೈಗ್ಲಿಸರೈಡ್ ಹಾಗೆ ಮಾಡುವುದಿಲ್ಲ. ತನ್ನ ಮನೆಯಲ್ಲಿ ಇದೆಲ್ಲ ಕೂಡದೆಂದು ಅಕ್ಕ ಅಪ್ಪಣೆ ಮಾಡಿದ್ದರಿಂದ ಭಾವ ಥರ್ಮಾಕೋಲ್ ಕಪ್ಪು ಹಿಡಿದು ನನ್ನಲ್ಲಿಗೆ ಬಂದರು. ನನ್ನದು ಬಾಡಿಗೆ ಮನೆ, ಮೇಲೆ ಮಾಲೀಕರು. "ಮನೆಯಲ್ಲಿ ಮೀನು ಮಾಡೋ ಹಾಗಿಲ್ಲ" ಎಂಬ ಷರತ್ತಿಗೆ ತಲೆಯಾಡಿಸಿ ಆರು ವರ್ಷದಿಂದ ಹೋಟೆಲಿನಲ್ಲಿ ಬಂಗುಡೆ ತಿಂದು, ಬಾಯಿಗೆ ಏಲಕ್ಕಿ ಹಾಕಿಕೊಂಡು ಮೆಟ್ಟಿಲು ಹತ್ತುವ ಪಾಪಿ ನಾನು. ನನ್ನದೇ ಡಬ್ಬದಿಂದ, ನನ್ನದೇ ಉಗುರು ಕತ್ತರಿಯಿಂದ, ಭಾವ ಆರು ಮಾತ್ರೆ ಕತ್ತರಿಸಿದರು. ಮೊದಲನೆಯದು ನನ್ನ ಅಂಗಿಗೆ ಹಾರಿತು. ಉಳಿದದ್ದನ್ನು ಕಪ್ಪಿಗೆ ಹಿಂಡಿ, ಕಮಟು ಇದೆಯೇ ಎಂದು ಮೂಸಿ ನನಗೂ ಮೂಸಿಸಿ, ಕಪ್ಪನ್ನು ಮೇಜಿನ ಮೇಲಿಟ್ಟು ಗಡಿಯಾರ ನೋಡುತ್ತ ಕೂತರು. ಕಾಫಿ ಮಾಡಿ ತರುವಷ್ಟರಲ್ಲಿ ಕಪ್ಪಿನ ತಳ ಬೆವರತೊಡಗಿತ್ತು. ಆಮೇಲೆ ತೊಟ್ಟಿಕ್ಕಿತು. ಮೇಜುಬಟ್ಟೆಯ ಮೇಲೆ ಮಲ್ಪೆ ಬಂದರೇ ಬಂದು ಇಳಿದಂತಾಯಿತು.

"ನೋಡಿದ್ಯಾ! ಎಸ್ಟರ್!" ಎಂದು ಭಾವ ಕುಣಿಯುವುದಕ್ಕೂ ಬಾಗಿಲಲ್ಲಿ ಮಾಲೀಕರು, "ಏನ್ ಸಾರ್ ಇದು ವಾಸನೆ?" ಎನ್ನುವುದಕ್ಕೂ ಸರಿಹೋಯಿತು.

ಮನೆ ಹುಡುಕುವ ಯೋಚನೆಯಲ್ಲಿ ನಾನು ಮುಳುಗಿದ್ದಾಗ ಭಾವ ಅವರನ್ನು ಕೂರಿಸಿ ಒಮೆಗಾ ಪುರಾಣ ಶುರುಮಾಡಿದ್ದರು. ಮಾಲೀಕರು ಮೂಗಿನಿಂದ ಪಂಚೆ ತೆಗೆದು, "ನಂಗೂ ಡಾಕ್ಟ್ರು ಹೇಳವ್ರೆ. ಅಗಸೆ ತಿಂದ್ರೆ ಸಾಲ್ದಾ?" ಎಂದರು. ಅಗಸೆಯಲ್ಲಿರುವುದು ಬೇರೆ ಬಗೆಯ ಒಮೆಗಾ, ನಮ್ಮ ಮೈ ಅದನ್ನು ಇಪಿಎ, ಡಿಎಚ್‌ಎ ಮಾಡಿಕೊಳ್ಳುವುದು ಬಹಳ ಕಡಿಮೆ ಎಂದರು ಭಾವ. "ಮೀನಿಗೂ ಅದು ಬರುವುದು ಪಾಚಿಯಿಂದಲೇ ಸ್ವಾಮಿ. ಪಾಚಿಯ ಎಣ್ಣೆಯೇ ಸಿಗ್ತದೆ. ಹಸಿರು ಚುಕ್ಕೆ ನೋಡಿ ತಗೊಳ್ಳಿ." ಮಾಲೀಕರು ಹೋದ ಮೇಲೆ ಒಂದು ಗಂಟೆ ನನಗೆ ಭಾವನ ಮೇಲೆ ನಿಜವಾದ ಪ್ರೀತಿ ಇತ್ತು. ಮೇಜಿನ ವಾಸನೆ ಎಂಟು ದಿನ ಇತ್ತು.

ಸೇಡಿಗೆಂದು ನಾನೂ ಓದಿದೆ. 2018ರಲ್ಲಿ ಪ್ರಕಟವಾದ ವೈಟಲ್ ಎಂಬ ಅಮೆರಿಕದ ಅಧ್ಯಯನದಲ್ಲಿ 25,871 ಜನರನ್ನು ಐದು ವರ್ಷಕ್ಕೂ ಹೆಚ್ಚು ಕಾಲ ಗಮನಿಸಿದ್ದರು. ಅರ್ಧದಷ್ಟು ಜನರಿಗೆ ದಿನಕ್ಕೊಂದು ಗ್ರಾಂ ಮೀನೆಣ್ಣೆಯ ಮಾತ್ರೆ. ಹೃದಯಾಘಾತ, ಪಾರ್ಶ್ವವಾಯು, ಹೃದ್ರೋಗದ ಸಾವು ಎಲ್ಲ ಸೇರಿಸಿ ನೋಡಿದರೆ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಇದನ್ನು ಗೆಲುವಿನಿಂದ ಭಾವನಿಗೆ ಓದಿ ಹೇಳಿದೆ.

"ಯಾವ ರೂಪದ ಎಣ್ಣೆ ಕೊಟ್ಟದ್ದು?" ಎಂದರು. ಹುಡುಕಿದೆ. ಇಥೈಲ್ ಎಸ್ಟರ್. ಅವರ ಮುಖ ನೋಡಲಾಗಲಿಲ್ಲ. ಆದರೆ ಅದೇ ವರ್ಷ, ಟ್ರೈಗ್ಲಿಸರೈಡ್ ಹೆಚ್ಚಿದ್ದ ಹೃದ್ರೋಗಿಗಳಿಗೂ ಸಕ್ಕರೆ ಕಾಯಿಲೆಯವರಿಗೂ ಶುದ್ಧ ಇಪಿಎ ದಿನಕ್ಕೆ 4 ಗ್ರಾಂ ಕೊಟ್ಟು ಗುಣ ಕಂಡ ರೆಡ್ಯೂಸ್-ಇಟ್ ಅಧ್ಯಯನ ಬಂದಿತ್ತು. ಅದು ಚೀಟಿ ಇಲ್ಲದೆ ನುಂಗಬಾರದ ಔಷಧ; ಅಷ್ಟು ಪ್ರಮಾಣದಲ್ಲಿ ಎದೆಬಡಿತ ತಾಳ ತಪ್ಪುವ ಅಪಾಯವೂ ಇದೆ. ಅದರಲ್ಲಿ ಕೊಟ್ಟದ್ದೂ ಇಥೈಲ್ ಎಸ್ಟರೇ! ಭಾವ ಎರಡು ದಿನ ಫೋನ್ ಮಾಡಲಿಲ್ಲ. ಮೂರನೆಯ ದಿನ ನಾನೇ ಹೋದೆ.

ಆಗಸ್ಟ್ ತಿಂಗಳು. ಕರಾವಳಿಯ ಯಾಂತ್ರಿಕ ದೋಣಿಗಳ 61 ದಿನದ ರಜೆ ಮುಗಿದು ಮೀನು ಬರತೊಡಗಿತ್ತು. ಅಕ್ಕ ಬೂತಾಯಿಯ ಪುಳಿಮುಂಚಿ ಮಾಡಿದ್ದಳು. ಒಮೆಗಾ ತುಂಬಿದ ಮೀನೆಂದರೆ ಅದೇ. ಹಿಂದೆ ಅದರ ಎಣ್ಣೆಯನ್ನು ಮರದ ದೋಣಿಗೆ ಬಳಿಯುತ್ತಿದ್ದರು, ಮರ ಬಾಳಲಿ ಎಂದು. ಭಾವ ಪಾದರಸ ತೆಗೆಯುವ ಶುದ್ಧೀಕರಣದ ಬಗ್ಗೆ ಹೇಳುತ್ತ ಹೇಳುತ್ತ ಏಳು ಬೂತಾಯಿಯ ಮುಳ್ಳನ್ನು ತಟ್ಟೆಯಂಚಿಗೆ ಸಾಲಾಗಿ ಜೋಡಿಸಿದರು. ಅದಕ್ಕೆ ಲೇಬಲ್ ಇರಲಿಲ್ಲವಾದ್ದರಿಂದ ಓದಲಿಲ್ಲ.

ಕೈ ತೊಳೆದು ಬಂದವರು ಏನೋ ತೋರಿಸುತ್ತೇನೆಂದು ಕಪಾಟು ತೆರೆದರು. ಒಳಗೆ ಒಂಬತ್ತು ಡಬ್ಬ. ಡಲ್ಲಾಸಿನಲ್ಲಿರುವ ಮಗ ಬರುವವರ ಕೈಯಲ್ಲಿ ಕಳಿಸಿದವು. ಒಂದರ ಸೀಲೂ ಒಡೆದಿಲ್ಲ. ಪ್ರತಿಯೊಂದಕ್ಕೂ ಅಡವಿನ ಒಡವೆಯ ಪೊಟ್ಟಣಕ್ಕೆ ಅಂಟಿಸುವಂಥ ಚೀಟಿ: ಬಂದ ತಾರೀಖು, ತಂದವರ ಹೆಸರು. ನಾಲ್ಕರ ಅವಧಿ ಮುಗಿದಿತ್ತು. ಎಸೆಯಬಾರದೇ ಎಂದೆ. "ಇರ್ಲಿ" ಎಂದರು.

ಅಷ್ಟರಲ್ಲಿ ಮಗನ ಫೋನು. ಭಾನುವಾರ ಬೆಳಗಿನ ಕರೆ ತಪ್ಪಿಹೋದದ್ದಕ್ಕೆ ಈಗ ಮಾಡಿದ್ದ. ಮೊದಲೆಲ್ಲ ಇವರ ಮಾತು "ಮಳೆ ಉಂಟಾ? ಅಮ್ಮನಿಗೆ ಕೊಡ್ತೇನೆ" ಎನ್ನುವಲ್ಲಿಗೆ ಮುಗಿಯುತ್ತಿತ್ತು. ಈಗ ಮಗ ಅಂಗಡಿಯ ಕಪಾಟಿನ ಮುಂದೆ ನಿಂತು ಡಬ್ಬಗಳ ಬೆನ್ನನ್ನು ಒಂದೊಂದಾಗಿ ಕ್ಯಾಮೆರಾಕ್ಕೆ ಹಿಡಿಯುತ್ತಿದ್ದ. ಭಾವ ಭೂತಗನ್ನಡಿಯನ್ನು ಫೋನಿಗೆ ಹಿಡಿದಿದ್ದರು. "ಕೆಳಗೆ ತಾ ಮಗಾ, ಇನ್ನೂ ಕೆಳಗೆ. ಹಾಂ, ಅಲ್ಲೇ ನಿಲ್ಲು." ನಲವತ್ತೈದು ನಿಮಿಷ. ಅಕ್ಕ ಎರಡು ಸಲ ಬಂದು ನೋಡಿ, ಏನೂ ಹೇಳದೆ ಒಳಗೆ ಹೋದಳು.

ಆವತ್ತಿನಿಂದ ನಾನು ಭಾವನಿಗೆ ಅಧ್ಯಯನಗಳನ್ನು ಓದಿ ಹೇಳುವುದನ್ನು ಬಿಟ್ಟಿದ್ದೇನೆ. ಯಾವ ಡಬ್ಬ ಆಯಿತು ಎಂದೂ ಕೇಳುವುದಿಲ್ಲ.

ನನ್ನ ಡಬ್ಬ ಫ್ರಿಜ್ಜಿನ ಮೇಲಿದೆ. ಅವಧಿಗೆ ಇನ್ನೂ ಏಳು ತಿಂಗಳುಂಟು. ಮುಚ್ಚಳದ ಮೇಲೆ 120 ಎಂದಿದೆ, ಅದು ಒಟ್ಟು. ನಿವ್ವಳ 114. ಬೇಕಾದವರು ತಿಳಿಸಿ.