ಫಲಾಭಾವ ಮೀಮಾಂಸೆ

ಯಾವ ಹಣ್ಣಿನ ಹೆಸರು ಹೇಳಿ ಲೋಟ ಮಾರುತ್ತಾರೋ ಆ ಹಣ್ಣು ಲೋಟದೊಳಗೆ ಇರಲೇಬೇಕೆ? ಪೂರ್ವಸೂರಿಗಳು ಈ ಪ್ರಶ್ನೆಯನ್ನು ಎತ್ತಿಲ್ಲ. ಮಾಲೂರು ತಾಲ್ಲೂಕಿನ ಮಾಸ್ತಿಯವರೂ ಮುಳಬಾಗಿಲಿನ ಡಿ.ವಿ.ಜಿ.ಯವರೂ ಅಮೆರಿಕದ ಕುಂಬಳದ ಲಾಟೆ ಎಂಬ ಹಾಲು-ಕಾಫಿಯ ವಿಷಯದಲ್ಲಿ ಗಾಢ ಮೌನ ತಾಳಿದ್ದಾರೆ. ಡಿ.ವಿ.ಜಿ. 1975ರಲ್ಲೂ ಮಾಸ್ತಿ 1986ರಲ್ಲೂ ತೀರಿಕೊಂಡದ್ದು, ಲಾಟೆ 2003ರಲ್ಲಿ ಹುಟ್ಟಿದ್ದು ಇದಕ್ಕೆ ಭಾಗಶಃ ಕಾರಣವಿರಬಹುದು. ಆದರೂ ಕೋಲಾರ ಜಿಲ್ಲೆಯ ಪಾಂಡಿತ್ಯದಲ್ಲಿ ಇದೊಂದು ದೊಡ್ಡ ಕಂದಕ. ಅದನ್ನು ತುಂಬುವ ಭಾರ ನಮ್ಮ ಮೇಲೆ ಬಿದ್ದಿದೆ.

ಮೊದಲು ಶಾಸ್ತ್ರ. ನಮ್ಮ ತಾರ್ಕಿಕರು ‘ಇಲ್ಲ’ ಎಂಬುದನ್ನೂ ಒಂದು ಪದಾರ್ಥವೆಂದು ಎಣಿಸಿ, ಅಭಾವವೆಂದು ಹೆಸರಿಟ್ಟು, ನಾಲ್ಕು ಬಗೆ ಮಾಡಿದರು. ಗಡಿಗೆ ಮಾಡುವ ಮುಂಚಿನ ಇಲ್ಲ ಪ್ರಾಗಭಾವ. ಒಡೆದ ಮೇಲಿನ ಇಲ್ಲ ಪ್ರಧ್ವಂಸಾಭಾವ. ಮೂರು ಕಾಲಕ್ಕೂ ಇಲ್ಲದ್ದು ಅತ್ಯಂತಾಭಾವ. ಗಡಿಗೆ ಬಟ್ಟೆಯಲ್ಲ ಎನ್ನುವುದು ಅನ್ಯೋನ್ಯಾಭಾವ. ಕೆಲಸವಿಲ್ಲದವರ ಮಾತೆಂದು ಲೋಕ ಇದನ್ನು ಮೂಲೆಗಿಟ್ಟಿತು. ಇಲ್ಲದ್ದಕ್ಕೆ ದರ ಕಟ್ಟಿ, ಮೇಲೆ ಕೆನೆ ಹಾಕಿ ಮಾರಬಹುದೆಂದು ತೋರಿಸಲು ಅಮೆರಿಕದ ಕಾಫಿ ಅಂಗಡಿಯೇ ಬರಬೇಕಾಯಿತು.

ಅಲ್ಲಿ ಕುಂಬಳಕಾಯಿಯ ಕಡುಬಿಗೆ ಹಾಕುವ ಮಸಾಲೆಯನ್ನು ಮೆಕಾರ್ಮಿಕ್ ಕಂಪನಿ 1934ರಲ್ಲೇ ಬೆರೆಸಿ ಮಾರತೊಡಗಿತ್ತು. ಚಕ್ಕೆ, ಶುಂಠಿ, ಜಾಯಿಕಾಯಿ, ಲವಂಗದ ಜಾತಿಯ ಸಾಮಾನು, ಕುಂಬಳ ಇಲ್ಲ. 2003ರಲ್ಲಿ ಸ್ಟಾರ್‌ಬಕ್ಸ್ ಆ ಘಮವನ್ನು ಹಾಲು-ಕಾಫಿಗೆ ಸುರಿಯಿತು. ಆಗಲೂ ಕುಂಬಳ ಇಲ್ಲ. ಚಳಿ ಶುರುವಾಗುವ ಹೊತ್ತಿಗೆ ಜನ ಅದಕ್ಕೆ ಸಾಲು ನಿಂತರು. ಬಿಸ್ಕತ್ತು, ಮೇಣದಬತ್ತಿಗಳಿಗೂ ಅದೇ ಘಮ ಹತ್ತಿತು. ಇದು ಅತ್ಯಂತಾಭಾವವೇ ಸರಿ ಎಂದು ತಾರ್ಕಿಕರು ನಿಶ್ಚಿಂತರಾಗಿದ್ದಾಗ, 2015ರಲ್ಲಿ ಕಾಫಿ ಕಂಪನಿಯವರು ನಿಜವಾದ ಕುಂಬಳದ ತಿರುಳನ್ನು ಸೇರಿಸಿಬಿಟ್ಟರು. ಅಂದರೆ ಹಿಂದಿನ 12 ವರ್ಷದ್ದು ಬರೀ ಪ್ರಾಗಭಾವ. ಶಾಸ್ತ್ರಕ್ಕೆ ಇಂಥ ಅವಮಾನ ಹಿಂದೆ ಆಗಿರಲಿಲ್ಲ. ಇದೇ ಚಕ್ಕೆ ಲವಂಗವನ್ನು ಮಟನ್ ಸಾರಿಗೆ ರುಬ್ಬುವ ಕೋಲಾರದ ಗೃಹಿಣಿಗೆ ಆ ಲೋಟ ಕೊಟ್ಟರೆ, ಒಂದು ಗುಟುಕಿನ ನಂತರ ಆಕೆ ಕೇಳುವ ಪ್ರಶ್ನೆ ಒಂದೇ: “ಪೀಸ್ ಎಲ್ಲಿ?”

ಅಲ್ಲಿ ಕುಂಬಳವಿಲ್ಲದ ಘಮ ಕುಡಿಯುವ ಕಾಲಕ್ಕೇ ಇಲ್ಲಿ ಆಯುಧಪೂಜೆ. ಲಾರಿ, ಟ್ರ್ಯಾಕ್ಟರ್, ಬೋರ್‌ವೆಲ್ ಗಾಡಿಗಳ ಮುಂದೆ ಕುಂಕುಮ ತುಂಬಿದ ಬೂದುಗುಂಬಳ ಒಡೆದು ಬೀಳುತ್ತದೆ, ಹಿಂದೆ ಬಂದ ಬೈಕಿನವನು ಜಾರುತ್ತಾನೆ. ಇದು ಪ್ರಧ್ವಂಸಾಭಾವ, ಜೊತೆಗೆ ಹ್ಯಾಂಡಲ್ ಬೆಂಡು. (ಬೂದುಗುಂಬಳ ಸಿಹಿಗುಂಬಳವಲ್ಲ ಎಂದು ಯಾರಾದರೂ ತಕರಾರು ತೆಗೆದರೆ ಅದು ಅನ್ಯೋನ್ಯಾಭಾವ, ನಮಗೆ ಗೊತ್ತಿದೆ, ಕೂತುಕೊಳ್ಳಿ.)

ಇನ್ನು ಮುಖ್ಯ ಕ್ಷೇತ್ರಕ್ಕೆ, ಮಾವಿನ ಊರಾದ ಶ್ರೀನಿವಾಸಪುರಕ್ಕೆ ಬರೋಣ. ಬಾದಾಮಿ, ರಸಪುರಿ, ಸೇಂದೂರ, ಮಲ್ಲಿಕಾ ಮನೆಗೆ, ಬೀಗರಿಗೆ, ಬೆಂಗಳೂರಿನ ಸಾಹೇಬರಿಗೆ. ತೋತಾಪುರಿ ಪಲ್ಪ್ ಫ್ಯಾಕ್ಟರಿಗೆ. ಗಿಣಿಮೂತಿಯ ಈ ಕಾಯಿಯನ್ನು ಉಪ್ಪು-ಖಾರ ಹಚ್ಚಿ ಶಾಲೆಯ ಗೇಟಿನ ಬಳಿ ಮಾರುವುದುಂಟು, ಅಷ್ಟೇ ಅದರ ಸಾಮಾಜಿಕ ಸ್ಥಾನ. 1976ರಲ್ಲಿ ಮಾಜಾ, 1985ರಲ್ಲಿ ಕಾಗದದ ಡಬ್ಬಿಯ ಫ್ರೂಟಿ ಬಂದು ದೇಶಕ್ಕೆ ಹಳದಿ ಪಾನೀಯದ ಚಟ ಹತ್ತಿದ ಮೇಲೆ, ಪಲ್ಪ್ ಉದ್ಯಮದ ಹೊರೆ ಹೊತ್ತದ್ದು ಬಹುಪಾಲು ಈ ಗಿಣಿಮೂತಿಯೇ. ಲೇಬಲ್ಲುಗಳ ಮೇಲೆ ನಗುವ ಹಣ್ಣು ಮಾತ್ರ ಗುಂಡಗೆ, ಕೆಂಪುಗೆನ್ನೆಯದು.

ಹಣ್ಣಿನ ಪಾನೀಯವೆಂದು ಮಾರಬೇಕಾದರೆ ಹಣ್ಣಿನ ರಸ ಶೇಕಡಾ 10ಕ್ಕಿಂತ ಕಡಿಮೆ ಇರಬಾರದು, ನಿಂಬೆಯದಾದರೆ ಶೇಕಡಾ 5 ಸಾಕು ಎಂದು ಆಹಾರ ಸುರಕ್ಷತಾ ನಿಯಮ ಹೇಳುತ್ತದೆ. ಎಂದರೆ ಲೀಟರಿನಲ್ಲಿ 100 ಮಿಲಿ ಮಾವಿದ್ದರೆ ಕಾನೂನು ತೃಪ್ತ. ಮಿಕ್ಕ 900 ಮಿಲಿ ನೀರು, ಸಕ್ಕರೆ, ಹುಳಿ, ಬಣ್ಣ, ಸುವಾಸನೆಗಳ ಲೀಲೆ. ತಾರ್ಕಿಕರ ಕಣ್ಣಿಗೆ ಬೀಳದ ಈ ಐದನೆಯ ಬಗೆಯನ್ನು ನವತ್ಯಭಾವವೆಂದು ಕರೆದು, ಶೋಧದ ಕೀರ್ತಿಯನ್ನು ನಾವೇ ಇಟ್ಟುಕೊಳ್ಳುತ್ತೇವೆ.

ಈ ಶಾಸ್ತ್ರದ ಪ್ರಯೋಗ ನಡೆದದ್ದು 2025ರ ಜೂನ್‌ನಲ್ಲಿ. ಮಾವಿನ ಬೆಳೆ ಭರ್ತಿ, ಬೆಲೆ ಕೊಯ್ಲಿನ ಕೂಲಿಗೂ ಸಾಲದಷ್ಟು. ಆಗ ಆಂಧ್ರದ ಚಿತ್ತೂರು ಜಿಲ್ಲಾಡಳಿತ ಹೊರರಾಜ್ಯದ ತೋತಾಪುರಿ ಒಳಗೆ ಬರಕೂಡದೆಂದು ಆದೇಶಿಸಿತು. ನಮ್ಮ ಕಾಯಿ ಹೋಗಬೇಕಾದ ಫ್ಯಾಕ್ಟರಿಗಳು ಇರುವುದೇ ಆ ಕಡೆ. ಗಡಿಯಲ್ಲಿ ತಡೆ, ಶ್ರೀನಿವಾಸಪುರದಲ್ಲಿ ಬಂದ್, ಮುಖ್ಯಮಂತ್ರಿ ಸಿದ್ದರಾಮಯ್ಯನವರಿಂದ ಚಂದ್ರಬಾಬು ನಾಯ್ಡು ಅವರಿಗೆ ಪತ್ರ. ಆಂಧ್ರದಿಂದ ಬರುವ ಮಾವಿನ ಬಾಟಲಿಯನ್ನು ಮಾತ್ರ ಯಾರೂ ಇಳಿಸಿ ನೀನು ಯಾವ ರಾಜ್ಯದ ಹಣ್ಣು ಎಂದು ಕೇಳಲಿಲ್ಲ. ಹಣ್ಣಿಗೆ ಚೆಕ್‌ಪೋಸ್ಟ್ ಉಂಟು, ಸುವಾಸನೆಗೆ ಇಲ್ಲ: ಇದೇ ನಮ್ಮ ಪ್ರಮೇಯ. ಕಡೆಗೆ ಕೇಂದ್ರ ಸರ್ಕಾರ ಕ್ವಿಂಟಲಿಗೆ 1,616 ರೂಪಾಯಿ ಎಂದು ಗೊತ್ತುಮಾಡಿ, 2.5 ಲಕ್ಷ ಟನ್‌ವರೆಗೆ ಬೆಲೆಯ ವ್ಯತ್ಯಾಸ ತುಂಬಿಕೊಡಲು ಒಪ್ಪಿತು. ಕಿಲೋಗೆ 16 ರೂಪಾಯಿ 16 ಪೈಸೆ. ಆ ದುಡ್ಡಿಗೆ ಮಾವಿನ ಹೆಸರಿನ ಪುಟ್ಟ ಬಾಟಲಿ ಸಿಕ್ಕೀತು, ಅಂಗಡಿಯವನು ಚಿಲ್ಲರೆಗೆ ಜಗಳ ತೆಗೆಯದಿದ್ದರೆ.

ಇಲ್ಲೊಂದು ಪೂರ್ವಪಕ್ಷ. “ವಾಸ್ನೆ ಬೇಕಂದ್ರೆ ಮಂಡಿ ಕಡೆ ಬನ್ನಿ ಸ್ವಾಮಿ, ಮೂಸಿದ್ರೆ ಕಾಸೇನೂ ಕೇಳಲ್ಲ” ಎನ್ನುತ್ತಾನೆ ಮೂಟೆ ಹೊರುವ ಹಮಾಲಿ. ಘಮಕ್ಕೆ ಬೆಲೆ ಕೇಳಿದವನಿಗೆ ನಾಣ್ಯದ ಸದ್ದು ಕೇಳಿಸಿ ಕಳಿಸಿದ ಹಳೆಯ ಕಥೆಯೂ ಆತನ ಬೆನ್ನಿಗಿದೆ. ವಾದ ಬಲವಾಗಿದೆ. ಆದರೆ ಆಕ್ಷೇಪಕರಿಗೆ ಪಿಎಚ್.ಡಿ. ಇಲ್ಲದ ಕಾರಣ ತಿರಸ್ಕರಿಸಲಾಗಿದೆ.

ಕೋಲಾರದ ಟೊಮೆಟೊ ಮಂಡಿಯೂ ನಮ್ಮ ಪರವೇ ಸಾಕ್ಷಿ ಹೇಳುತ್ತದೆ: 2023ರ ಜುಲೈನಲ್ಲಿ 15 ಕಿಲೋ ಬಾಕ್ಸ್ 2,000 ರೂಪಾಯಿ ದಾಟಿ, ತೋಟಕ್ಕೆ ಕಾವಲು ಕೂತ ದಿನಗಳಲ್ಲೂ ಟೊಮೆಟೊ ಚಿಪ್ಸಿನ ಪೊಟ್ಟಣ ಏನೂ ಆಗಿಲ್ಲವೆಂಬಂತೆ ಅಂಗಡಿಯಲ್ಲಿ ನೇತಾಡುತ್ತಿತ್ತು. ಬೆಂಗಳೂರಿನ ಬೋರ್ಡುಗಳಲ್ಲಿ ಮೆರೆಯುವ ಮುಳಬಾಗಿಲು ದೋಸೆಯಲ್ಲಿ ತುಪ್ಪ, ಚಟ್ನಿ, ಪಲ್ಯ ಎಲ್ಲ ಉಂಟು, ಮುಳಬಾಗಿಲು ಒಂದಿಲ್ಲ. ಅದು ಅಲ್ಲೇ, ಹೈವೇ ಪಕ್ಕ, ತನ್ನ ಪಾಡಿಗಿದೆ.

ಉಳಿದದ್ದು ಮಾಲೂರು. ಹಂಚು, ಇಟ್ಟಿಗೆಗಳ ಊರು. ತಾರ್ಕಿಕರ ಗಡಿಗೆಗೆ ಹತ್ತಿರದ ನೆಂಟ. ಉತ್ತರಪ್ರದೇಶದ ಕನೌಜಿನಲ್ಲಿ ಸುಟ್ಟ ಮಣ್ಣನ್ನು ಭಟ್ಟಿ ಇಳಿಸಿ ಮೊದಲ ಮಳೆಯ ವಾಸನೆಯ ಅತ್ತರು ಮಾಡುತ್ತಾರೆ. ಗೂಡುಗಳಿರುವ ಮಾಲೂರು ಅಷ್ಟಕ್ಕೇ ನಿಲ್ಲಬೇಕಿಲ್ಲ. ಮಾಲೂರು ಇಟ್ಟಿಗೆ ಲಾಟೆ ಎಂಬ ಪೇಯವನ್ನು ನಾವು ಸೂಚಿಸುತ್ತೇವೆ. ಮೊದಲ ಮಳೆಗೆ ಬಿಡುಗಡೆ, ಮಳೆ ನಿಂತರೆ ಬಂದ್. ಶೇಕಡಾ 10ರ ನಿಯಮವನ್ನು ಇದಕ್ಕೆ ಅನ್ವಯಿಸಬಾರದೆಂದು ಮಾತ್ರ ಸಂಬಂಧಪಟ್ಟ ಇಲಾಖೆಗೆ ಕೇಳಿಕೊಳ್ಳುತ್ತೇವೆ.