ಬೊಕ್ಕಸದ ಚರ್ಮ ಬಲು ತೆಳು

ನಲವತ್ತು ತೊಲ ತೂಕ ಹಿಡಿದ ಕೈಗೆ ಒಂದು ತೊಲ ಸೇರಿಸಿದರೆ ಗೊತ್ತಾಗುತ್ತದೆ. ನಾಲ್ಕು ಸಾವಿರ ತೊಲ ಹೊತ್ತ ಹೆಗಲಿಗೆ ಅದೇ ಒಂದು ತೊಲ ಲೆಕ್ಕಕ್ಕೇ ಇಲ್ಲ. ಜರ್ಮನಿಯ ಲೈಪ್‌ಜಿಗ್‌ನಲ್ಲಿ ಅರ್ನ್ಸ್ಟ್ ವೇಬರ್ 1830ರ ದಶಕದಲ್ಲೇ ಇದನ್ನು ತೂಗಿ ನೋಡಿದ್ದರು. ಎಷ್ಟು ಹೆಚ್ಚಿತು ಎನ್ನುವುದಕ್ಕಿಂತ ಇದ್ದುದರ ಎಷ್ಟನೇ ಪಾಲು ಹೆಚ್ಚಿತು ಎನ್ನುವುದೇ ಮಿದುಳಿಗೆ ತಟ್ಟುತ್ತದೆ ಎಂದು ಅದೇ ಊರಿನ ಗುಸ್ತಾವ್ ಫೆಕ್ನರ್ 1860ರಲ್ಲಿ ಸೂತ್ರ ಬರೆದರು. ಇಬ್ಬರೂ, ಪಾಪ, ಲೈಪ್‌ಜಿಗ್‌ನಲ್ಲೇ ಉಳಿದುಬಿಟ್ಟರು. ಮದ್ರಾಸಿಗೆ ಬಂದಿದ್ದರೆ ಇದೇ ಪ್ರಯೋಗ ಸರ್ಕಾರಿ ಖರ್ಚಿನಲ್ಲಿ, ಲಕ್ಷಾಂತರ ಹೊಟ್ಟೆಗಳ ಮೇಲೆ ನಡೆದದ್ದನ್ನು ಕಾಣಬಹುದಿತ್ತು.

1877ರ ಜನವರಿ 1. ವಿಕ್ಟೋರಿಯಾ ರಾಣಿ ಭಾರತದ ಚಕ್ರವರ್ತಿನಿ ಎಂದು ಸಾರಲು ದೆಹಲಿಯಲ್ಲಿ ದರ್ಬಾರು. ಇತ್ತ ದಕ್ಷಿಣದಲ್ಲಿ ಧಾತು-ಈಶ್ವರ ಸಂವತ್ಸರಗಳ ಬರ. ವೈಸ್‌ರಾಯ್ ಲಿಟ್ಟನ್ ಸಾಹೇಬರು ದರ್ಬಾರಿನ ಖರ್ಚಿಗೆ ಕೈ ಬಿಗಿ ಮಾಡಲಿಲ್ಲ, ಬರದ ಖರ್ಚಿಗೆ ಮಾಡಿದರು. ಅದಕ್ಕೆಂದೇ ಬಂದವರು ರಿಚರ್ಡ್ ಟೆಂಪಲ್. ಮೂರು ವರ್ಷದ ಹಿಂದೆ ಬಿಹಾರದ ಬರದಲ್ಲಿ ಬರ್ಮಾದ ಅಕ್ಕಿ ತರಿಸಿ ಜನರನ್ನು ಬದುಕಿಸಿ, ದುಂದುಗಾರ ಎಂಬ ಬೈಗುಳ ತಿಂದಿದ್ದವರು. ಜೀವ ಉಳಿಸಿದ ಕಳಂಕವನ್ನು ತೊಳೆದುಕೊಳ್ಳಲು ಇದಕ್ಕಿಂತ ಒಳ್ಳೆಯ ಸಂದರ್ಭ ಯಾರಿಗೆ ಸಿಕ್ಕೀತು?

ಪರಿಹಾರ ಕಾಮಗಾರಿಯಲ್ಲಿ ದುಡಿಯುವ ಗಂಡಾಳಿನ ಕೂಲಿ ಒಂದೂವರೆ ಪೌಂಡ್ ಧಾನ್ಯದ ಲೆಕ್ಕದಲ್ಲಿತ್ತು. ಟೆಂಪಲ್ ಸಾಹೇಬರು ಅದನ್ನು ಒಂದು ಪೌಂಡಿಗೆ, ಅಂದರೆ ಸುಮಾರು 450 ಗ್ರಾಮಿಗೆ ಇಳಿಸಿದರು. ಮೇಲೆ ಪುಡಿಗಾಸು. ಹೆಂಗಸರಿಗೆ, ಮಕ್ಕಳಿಗೆ ಇನ್ನೂ ಕಡಿಮೆ. ವೇಬರ್ ಲೆಕ್ಕದಲ್ಲಿ ನಲವತ್ತರಲ್ಲಿ ಒಂದು ಪಾಲು ಕಳೆದರೇ ಕೈಗೆ ಗೊತ್ತಾಗುವಾಗ, ಮೂರರಲ್ಲಿ ಒಂದು ಪಾಲು ಕಿತ್ತರೆ ಹೊಟ್ಟೆಗೆ ಗೊತ್ತಾಗದೇ ಇರುತ್ತದೆಯೆ? ಮದ್ರಾಸಿನ ಆರೋಗ್ಯಾಧಿಕಾರಿ ವಿಲಿಯಂ ಕಾರ್ನಿಶ್ ಗೊತ್ತಾಗುತ್ತದೆ ಎಂದು ವಾದಿಸಿದರು, ಕಾಳು-ತರಕಾರಿಯನ್ನೂ ಕೇಳಿದರು. ವೈದ್ಯರು ನೋಡಿ, ಹೊಟ್ಟೆಯ ವಿಷಯದಲ್ಲಿ ಅಂಥವರಿಗೆ ಅನುಭವವಿರುತ್ತದೆ, ಆಯವ್ಯಯದ ಅನುಭವವಿರುವುದಿಲ್ಲ. ಕೊನೆಗೆ ಮದ್ರಾಸ್ ಸರ್ಕಾರ ಒಂದಿಷ್ಟು ಕೂಡಿಸಿತು.

ಮಿದುಳಿಗೆ ಇನ್ನೊಂದು ಗುಣವಿದೆ. ಗಬ್ಬುವಾಸನೆಯ ಕೋಣೆಯಲ್ಲಿ ಸ್ವಲ್ಪ ಹೊತ್ತು ಕೂತರೆ ಮೂಗು ಸುಮ್ಮನಾಗುತ್ತದೆ. ಸರ್ಕಾರಕ್ಕೆ ಮೂಗಿನ ಬದಲು ಮರಣದ ರಿಜಿಸ್ಟರ್ ಇತ್ತು. ಅದರ ಮನೆಗಳು ಇವು: ವಾಂತಿಭೇದಿ, ಸಿಡುಬು, ಜ್ವರ, ಅತಿಸಾರ, ಗಾಯ, ಇತರ. ಹಸಿವಿಗೆ ಮನೆ ಇಲ್ಲ. ಅನ್ನವಿಲ್ಲದೆ ಸೊರಗಿದವನಿಗೆ ಕೊನೆಯ ದಿನ ಮೈ ಬಿಸಿಯಾದರೆ ಜ್ವರ, ಕಾಡುಸೊಪ್ಪು ತಿಂದು ಹೊಟ್ಟೆ ಕೆಟ್ಟರೆ ಅತಿಸಾರ. ಹೀಗೆ ಎಲ್ಲರಿಗೂ ಒಂದೊಂದು ಮನೆ ಮಂಜೂರಾಯಿತು.

ಸರ್ಕಾರದ ನರಮಂಡಲವೇ ಜಡ ಎಂದು ಮಾತ್ರ ಹೇಳಬೇಡಿ. ಬಳ್ಳಾರಿಯ ಕೂಲಿಯ ಅರ್ಧ ಪೌಂಡ್ ಧಾನ್ಯ ವೈಸ್‌ರಾಯರ ಕಲ್ಕತ್ತೆಗೆ ಚುರುಕ್ಕೆಂದು ನಾಟಿತಲ್ಲ! ಮೂಗು ಕಟ್ಟಿತ್ತು, ಹೌದು. ಬೊಕ್ಕಸದ ಚರ್ಮ ಮಾತ್ರ ಮಗುವಿನದರಷ್ಟು ಮೃದು.

ಅದೇ ಬರಕ್ಕೆ ಸಿಕ್ಕ ಮೈಸೂರಿನ ಲೆಕ್ಕ ಇನ್ನೂ ಸ್ವಾರಸ್ಯ. 1831ರಿಂದ ಇಂಗ್ಲಿಷರ ಕೈಯಲ್ಲಿದ್ದ ಸಂಸ್ಥಾನವನ್ನು 1881ರ ಮಾರ್ಚ್ 25ರಂದು ಒಡೆಯರಿಗೆ ಹಿಂತಿರುಗಿಸಿದರು. ಅದಕ್ಕೆ ಐದು ವಾರ ಮೊದಲು, ಫೆಬ್ರವರಿ 17ರಂದು ತಲೆ ಎಣಿಸಿದ್ದರು. 1871ರಲ್ಲಿ 50,55,412 ಇದ್ದದ್ದು 41,86,188ಕ್ಕೆ ಬಂದಿತ್ತು. ಬಾಡಿಗೆ ಮನೆ ಬಿಡುವವನು ಒಡೆದ ಹೆಂಚಿಗೂ ದಂಡ ಕಟ್ಟುತ್ತಾನೆ. ಇಲ್ಲಿ 8,69,224 ತಲೆ ಕಡಿಮೆ ಬಿದ್ದರೂ ಯಾರೂ ಮುಂಗಡ ಹಿಡಿದುಕೊಳ್ಳಲಿಲ್ಲ.

1891ರ ಗಣತಿ ಬಂತು: 49,43,604. ಇದ್ದುದರ ಎಷ್ಟನೇ ಪಾಲು ಹೆಚ್ಚಿತು ಎಂದು ಫೆಕ್ನರ್ ಸಾಹೇಬರಂತೆ ಕೇಳಿದರೆ ಶೇ 18ರ ಏರಿಕೆ. ಪ್ರಗತಿ ವರದಿಗೆ ಒಪ್ಪುವ ಅಂಕಿ, ಭಾಷಣಕ್ಕೂ ಆದೀತು. ಇಪ್ಪತ್ತು ವರ್ಷದ ಹಿಂದಿನ ಕಡತ ಬಿಚ್ಚುವವನಿಗೆ ಮಾತ್ರ ಇನ್ನೂ 1,11,808 ಜನ ಕಡಿಮೆ ಬೀಳುತ್ತಾರೆ.